ಕ್ಲಚ್ಚು ಹಿಡಿಯದೆ ಗೇರು ಬದಲಿಸುವ ಬಗೆ

ಕಳೆದ ತಿಂಗಳು ನಮ್ಮ ಕೈಸೇರಿದ ಕಾಗದಗಳಲ್ಲಿ ಒಂದು ಗೃಹಿಣಿಯೊಬ್ಬರದು. ಯಂತ್ರಗಳ ವಿಷಯವಾಗಿ ಈ ಅಂಕಣಕ್ಕೆ ಬರೆಯುವವರು ಬಹುಮಟ್ಟಿಗೆ ಗಂಡಸರು. ಅವರೂ ತಮಗೆ ತಿಳಿದುದನ್ನು ನಮಗೆ ತಿಳಿಸುವುದಕ್ಕಾಗಿ ಬರೆಯುವರೇ ಹೊರತು ಕೇಳುವುದಕ್ಕಾಗಿ ಬರೆಯುವುದು ಅಪೂರ್ವ. ಈ ತಾಯಿಯವರಾದರೋ ನೇರವಾಗಿ ಕೇಳಿರುವರು. ಅವರ ಹಿರಿಯ ಮಗನು ಎರಡು ವರ್ಷ ಸಂಬಳವನ್ನು ಉಳಿಸಿ ಹೊಸ ಮೋಟಾರು ಸೈಕಲ್ಲೊಂದನ್ನು ಕೊಂಡು ತಂದಿರುವನು. ಓಡುತ್ತಿರುವಾಗ ಅದರ ಕ್ಲಚ್ಚನ್ನು ಮುಟ್ಟದೆಯೇ ಗೇರು ಬದಲಿಸಬಹುದೆಂದು ಅವನು ಹೇಳುತ್ತಾನೆ. ಹಾಗೆಯೇ ಬದಲಿಸುತ್ತಲೂ ಇರುವನು. ಬಹುಕಾಲ ಯೆಜ್ಡಿಯನ್ನು ಓಡಿಸಿ ನುರಿತ ತಂದೆಗೆ ಇದು ಸಹನೆಯಾಗದು. “ಕ್ಲಚ್ಚು ಹಿಡಿಯದೆ ಗೇರು ಹಾಕುವವನು ಗೇರಿನ ಹಲ್ಲನ್ನು ಮುರಿದೇ ತೀರುವನು” ಎಂದು ಅವರು ಅಂದರು. “ನಿಮ್ಮ ಕಾಲದ ಗಾಡಿಯಲ್ಲ ಇದು” ಎಂದು ಇವನು ಅಂದನು. ಹದಿನೈದು ದಿನಗಳಿಂದ ತಂದೆಮಕ್ಕಳೊಳಗೆ ಮಾತಿಲ್ಲ. ಒಬ್ಬರನ್ನೊಬ್ಬರು ಊಟಕ್ಕೆ ಕರೆಯುವುದೂ ಈ ತಾಯಿಯ ಮೂಲಕವೇ ಆಗಬೇಕಾಗಿದೆ.

“ಇಬ್ಬರಲ್ಲಿ ಯಾರದು ಸರಿ?” ಎಂದು ಕೇಳಿ ಅವರು ಸಹಿ ಮಾಡಿರುವರು. ಸಹಿಯ ಕೆಳಗೆ, ಕಾಗದದಲ್ಲಿ ಸ್ಥಳ ಉಳಿದಿತ್ತೆಂಬಂತೆ, ಮತ್ತೊಂದು ಸಾಲು: ಅಣ್ಣನನ್ನು ನೋಡಿ, ಕಾಲೇಜಿಗೆ ಹೋಗುವ ಕಿರಿಯ ಮಗನೂ ತನ್ನ ಹಳೆಯ ಗಾಡಿಯಲ್ಲಿ ಹಾಗೆಯೇ ಮಾಡತೊಡಗಿರುವನಂತೆ. ಆ ಸಾಲನ್ನು ಓದಿದ ಮೇಲೆ ಉತ್ತರವನ್ನು ಮುಂದಿನ ಸಂಚಿಕೆಗೆ ತಳ್ಳುವುದು ನಮಗೆ ಸರಿದೋರಲಿಲ್ಲ.

ಮೊದಲು ತಂದೆಯವರ ಮಾತನ್ನು ವಿಚಾರಿಸೋಣ. ಗೇರುಪೆಟ್ಟಿಗೆಯೊಳಗೆ ಎರಡು ಉಕ್ಕಿನ ದಂಡಗಳು ಅಕ್ಕಪಕ್ಕದಲ್ಲಿರುವುವು. ಒಂದನ್ನು ಇಂಜಿನು ಕ್ಲಚ್ಚಿನ ಮೂಲಕ ತಿರುಗಿಸುವುದು. ಇನ್ನೊಂದು ಸರಪಳಿಯ ಮೂಲಕ ಹಿಂದಿನ ಚಕ್ರವನ್ನು ತಿರುಗಿಸುವುದು. ಆರು ಗೇರಿನ ಗಾಡಿಯಲ್ಲಿ ಈ ದಂಡಗಳ ಮೇಲೆ ಆರು ಜೊತೆ ಹಲ್ಲುಗಾಲಿಗಳುಂಟು. ಪ್ರತಿಯೊಂದು ಜೊತೆಯ ಹಲ್ಲುಗಳೂ ಸದಾಕಾಲ ಒಂದರೊಳಗೊಂದು ಕೂಡಿಕೊಂಡೇ ತಿರುಗುತ್ತಿರುವುವು. ಗೇರು ಬದಲಿಸಿದಾಗಲೂ ಅವು ಬೇರ್ಪಡುವುದಿಲ್ಲ. ಆದುದರಿಂದ ಹಲ್ಲಿಗೆ ಹಲ್ಲು ಬಡಿದು ಮುರಿಯುವುದೆಂಬ ಮಾತು ಇಂದಿನ ಮೋಟಾರು ಸೈಕಲ್ಲಿಗೆ ಯಥಾವತ್ತಾಗಿ ಅನ್ವಯಿಸದು. ಹಲ್ಲುಗಾಲಿಗಳನ್ನೇ ಸರಿಸಿ ಹಲ್ಲಿಗೆ ಹಲ್ಲು ಕೂಡಿಸುತ್ತಿದ್ದ ಬಲು ಹಿಂದಿನ ಮೋಟಾರು ಗಾಡಿಗಳ ಕಾಲದಲ್ಲಿ ಹುಟ್ಟಿದ ಮಾತು ಅದು. ಬಾಯಿಂದ ಬಾಯಿಗೆ ಬಂದು ಉಳಿದುಕೊಂಡಿದೆ.

ಹಾಗಾದರೆ ಬದಲಾಗುವುದೇನು? ಪ್ರತಿ ಜೊತೆಯಲ್ಲಿ ಒಂದು ಗಾಲಿಯು ತನ್ನ ದಂಡಕ್ಕೆ ಬಿಗಿದಿರುವುದು. ಇನ್ನೊಂದು ತನ್ನ ದಂಡದ ಮೇಲೆ ಬಳೆಯಂತೆ ಸಡಿಲವಾಗಿ ಸುತ್ತುತ್ತಿರುವುದು. ಸಡಿಲವಾದ ಆರರಲ್ಲಿ ಯಾವುದನ್ನು ದಂಡಕ್ಕೆ ಬಂಧಿಸುವೆವೋ ಆ ಗೇರು ಕೆಲಸಕ್ಕೆ ಬಂದಂತಾಯಿತು. ಬಂಧಿಸುವುದು ಹೇಗೆಂದರೆ, ಪಕ್ಕದಲ್ಲಿ ದಂಡದೊಡನೆ ತಿರುಗುತ್ತ ಅತ್ತಿತ್ತ ಸರಿಯಬಲ್ಲ ಗಾಲಿಯೊಂದರ ಕೆನ್ನೆಯ ಮೇಲೆ ದಪ್ಪನಾದ ಉಕ್ಕಿನ ಗೂಟಗಳಿರುವುವು. ಅದು ಸರಿದು ಬಂದು ತನ್ನ ಗೂಟಗಳನ್ನು ಸಡಿಲಗಾಲಿಯ ಕಿಂಡಿಗಳಲ್ಲಿ ಹೊಗಿಸುವುದು. ಇಂಗ್ಲಿಷರು ಈ ಗೂಟಗಳಿಗೆ ‘ನಾಯಿ’ ಎಂದು ಹೆಸರಿಟ್ಟಿರುವರು. ಕಚ್ಚಿದುದನ್ನು ಬಿಡದ ಗುಣವನ್ನು ನೋಡಿದರೆ ಹೆಸರು ತಕ್ಕುದೇ. ಸರಿಯುವ ಗಾಲಿಯನ್ನು ಕವೆಗೋಲೊಂದು ತಳ್ಳುವುದು. ಕವೆಗೋಲನ್ನು ಗೀರುಗಳುಳ್ಳ ಉರುಳೆಯೊಂದು ನಡೆಸುವುದು. ಕಾಲಿನ ಪೆಡಲನ್ನು ಒಮ್ಮೆ ಒತ್ತಿದರೆ ಆ ಉರುಳೆಯು ಒಂದು ಮೆಟ್ಟಿಲು ತಿರುಗುವುದು. ಒಂದರಿಂದ ಮೂರಕ್ಕೆ ನೆಗೆಯಲು ಬಾರದೆ ಎರಡನ್ನು ದಾಟಿಯೇ ಹೋಗಬೇಕಾದುದು ಇದರಿಂದಲೇ.

ಇನ್ನು ಕ್ಲಚ್ಚಿನ ಪ್ರಸಂಗ. ಮನೆಯ ಬಾಗಿಲನ್ನು ಹೊರಗಿನಿಂದ ಯಾರೋ ಬಲವಾಗಿ ತಳ್ಳುತ್ತಿರುವಾಗ ಒಳಗಿನ ಅಗುಳಿಯನ್ನು ಸರಿಸಲು ನೋಡಿರಿ. ಅಗುಳಿಗೆ ತುಕ್ಕು ಹಿಡಿದಿಲ್ಲ, ಎಣ್ಣೆಯೂ ಹಾಕಿದೆ, ಆದರೂ ಅಲುಗದು. ಹೊರಗಿನವನು ಅರೆಕ್ಷಣ ಕೈ ಸಡಿಲಿಸಲಿ, ಒಂದೇ ಬೆರಳಿಗೆ ಅದು ಸರ್ರನೆ ಸರಿಯುವುದು. ಗೇರುಪೆಟ್ಟಿಗೆಯ ಗೂಟಗಳ ಪಾಡೂ ಇದೇ. ಇಂಜಿನು ಗಾಡಿಯನ್ನು ಎಳೆಯುತ್ತಿರುವಷ್ಟು ಹೊತ್ತೂ ಅವು ಕಿಂಡಿಯ ಒಂದು ಗೋಡೆಗೆ ಅಮರಿಕೊಂಡಿರುವುವು. ಎಳೆತ ಹೆಚ್ಚಿದಷ್ಟೂ ಹಿಡಿತವು ಬಿಗಿಯಾಗಲೆಂದು ಗೂಟಗಳ ಪಕ್ಕವನ್ನು ಕಿಂಚಿತ್ತು ಓರೆಯಾಗಿ ಕೆತ್ತಿರುವುದೂ ಉಂಟು. ಅಂಥ ಸ್ಥಿತಿಯಲ್ಲಿ ಪೆಡಲನ್ನು ಎಷ್ಟು ಒದ್ದರೂ ಕವೆಗೋಲು ಬಾಗೀತೇ ಹೊರತು ಗೂಟವು ಹೊರಬಾರದು. ಕ್ಲಚ್ಚನ್ನು ಹಿಡಿದರೆ ಇಂಜಿನಿನ ಒತ್ತಡವು ದಂಡದಿಂದ ತೊಲಗುವುದು. ಆಗ ಗೂಟವು ಸಡಿಲಗೊಂಡು ಸರಿಯುವುದು. ಗೇರು ಬದಲಿಸುವ ಹೊತ್ತಿನಲ್ಲಿ ಕ್ಲಚ್ಚು ಮಾಡುವ ಮುಖ್ಯ ಉಪಕಾರವೆಂದರೆ ಹೊರಗೆ ತಳ್ಳುತ್ತಿರುವವನನ್ನು ಒಂದು ಗಳಿಗೆ ಹಿಂದಕ್ಕೆ ಸರಿಸುವುದು. ಬೇರೆ ಯಾವ ಉಪಾಯದಿಂದ ಅವನನ್ನು ಸರಿಸಿದರೂ ಅಗುಳಿಗೆ ಅಭ್ಯಂತರವಿಲ್ಲ.

ಮಗನ ಗಾಡಿಯ ಗುಟ್ಟೆಲ್ಲವೂ ಈ ಒಂದು ಮಾತಿನಲ್ಲಿದೆ. ಅದಕ್ಕೆ ಕ್ವಿಕ್‌ಶಿಫ್ಟರ್ ಎಂದು ಹೆಸರು. ಪೆಡಲಿಗೂ ಗೇರುಪೆಟ್ಟಿಗೆಗೂ ನಡುವೆ ಇರುವ ಸಣ್ಣ ಸಲಾಕೆಯಲ್ಲಿ, ಕಾಲಿನ ಒತ್ತಡವನ್ನು ಅರಿಯಬಲ್ಲ ಪುಟ್ಟ ಉಪಕರಣವೊಂದನ್ನು ಸೇರಿಸಿರುವರು. ಸವಾರನು ಥ್ರಾಟಲನ್ನು ತೆರೆದೇ ಇಟ್ಟು ಪೆಡಲನ್ನು ಮೇಲಕ್ಕೆತ್ತುವನು. ಗೂಟವು ಬಿಡದಾದುದರಿಂದ ಸಲಾಕೆಯಲ್ಲಿ ಬಿಗಿತವುಂಟಾಗುವುದು. ಆ ಬಿಗಿತವು ಗೊತ್ತಾದ ಮಿತಿಯನ್ನು ಮೀರಿದೊಡನೆ ಇಂಜಿನಿನ ಗಣಕಯಂತ್ರಕ್ಕೆ ಸುದ್ದಿ ಮುಟ್ಟುವುದು. ಗಣಕವು ಇಂಜಿನಿಗೆ ಕಿಡಿಯನ್ನೋ ಪೆಟ್ರೋಲನ್ನೋ, ಕೆಲವು ಗಾಡಿಗಳಲ್ಲಿ ಎರಡನ್ನೂ, ಕ್ಷಣಮಾತ್ರ ನಿಲ್ಲಿಸಿಬಿಡುವುದು. ಎಳೆಯುತ್ತಿದ್ದ ಇಂಜಿನು ಥಟ್ಟನೆ ಸೊರಗುವುದು. ಗೂಟಗಳು ಕಿಂಡಿಯ ಗೋಡೆಯನ್ನು ಬಿಡುವುವು. ಮೊದಲೇ ಒತ್ತಿ ಕಾದಿದ್ದ ಕವೆಗೋಲು ಅವನ್ನು ಎಳೆದುಕೊಂಡು ಮುಂದಿನ ಗೇರಿನ ಕಿಂಡಿಯಲ್ಲಿ ನೆಡುವುದು. ಕಿಡಿಯು ಮರಳಿ ಬರುವುದು. ಗಾಡಿ ಮುಂದಕ್ಕೆ ಹಾರುವುದು.

ಇದಕ್ಕೆಲ್ಲ ಹಿಡಿಯುವ ಕಾಲವೆಷ್ಟು? ಕಿಡಿಯನ್ನು ನಿಲ್ಲಿಸುವ ಅವಧಿಯು ಸಾಮಾನ್ಯವಾಗಿ ಒಂದು ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ 50ರಿಂದ 80 ಪಾಲು. ಕಣ್ಣೆವೆ ಇಕ್ಕುವುದಕ್ಕೆ ಇದಕ್ಕಿಂತ ಹೆಚ್ಚು ಕಾಲ ಬೇಕು. ಲೆಕ್ಕವನ್ನು ಇನ್ನೊಂದು ಬಗೆಯಿಂದಲೂ ಹಾಕಬಹುದು. ನಿಮಿಷಕ್ಕೆ 9,000 ಸುತ್ತು ತಿರುಗುತ್ತಿರುವ ಇಂಜಿನು ಸೆಕೆಂಡಿಗೆ 150 ಸುತ್ತು ತಿರುಗಿದಂತಾಯಿತು. ನಾಲ್ಕು ಹೊಡೆತದ ಒಂಟಿ ಸಿಲಿಂಡರಿನಲ್ಲಿ ಎರಡು ಸುತ್ತಿಗೊಮ್ಮೆ ಪೆಟ್ರೋಲು ಉರಿಯುವುದಾದುದರಿಂದ ಸೆಕೆಂಡಿಗೆ 75 ಉರಿತಗಳು. ಸೆಕೆಂಡಿನ ಸಾವಿರದಲ್ಲಿ 60 ಪಾಲಿನಷ್ಟು ಹೊತ್ತು ಕಿಡಿ ನಿಂತರೆ ತಪ್ಪುವುದು ನಾಲ್ಕೈದು ಉರಿತಗಳು, ಅಷ್ಟೇ. ನಾಲ್ಕೈದು ಕಿಡಿಗಳನ್ನು ಉಪವಾಸ ಕೆಡವಿ ಗೇರನ್ನು ಬದಲಿಸಿಕೊಳ್ಳುವ ಯುಕ್ತಿ ಇದು. ಕೆಲವು ಗಾಡಿಗಳಲ್ಲಿ ಆ ವೇಳೆಗೆ ಹೊಗೆಕೊಳವೆಯಿಂದ ‘ಟಪ್’ ಎಂಬ ಸದ್ದು ಕೇಳಿಸುವುದು. ಕಿಡಿಯಿಲ್ಲದೆ ಉರಿಯದೆ ಹೋದ ಪೆಟ್ರೋಲು ಕಾದ ಕೊಳವೆಯಲ್ಲಿ ಹೊತ್ತಿಕೊಂಡ ಸದ್ದದು. ಗಾಡಿಯು ಬೀದಿಯ ತಿರುವಿನಲ್ಲಿ ಕೆಮ್ಮುತ್ತದೆಂದು ತಾಯಿಯವರು ಬರೆದಿರುವುದು ಇದನ್ನೇ ಇರಬೇಕು. ಅದು ರೋಗವಲ್ಲ.

ಗೇರನ್ನು ಇಳಿಸುವಾಗ ಕಥೆ ತಿರುಗುಮುರುಗು. ಥ್ರಾಟಲು ಮುಚ್ಚಿರುವಾಗ ಇಂಜಿನು ಚಕ್ರವನ್ನು ಎಳೆಯುವುದಿಲ್ಲ. ಚಕ್ರವೇ ಇಂಜಿನನ್ನು ಎಳೆಯುವುದು. ಗೂಟಗಳು ಈಗ ಕಿಂಡಿಯ ಎದುರುಗೋಡೆಗೆ ಒರಗಿರುವುವು. ಇಲ್ಲಿ ಕಿಡಿಯನ್ನು ನಿಲ್ಲಿಸಿ ಪ್ರಯೋಜನವೇನು? ಇಲ್ಲದ ಎಳೆತವನ್ನು ಇಲ್ಲವಾಗಿಸುವುದೆಂತು? ಮೇಲಾಗಿ ಕೆಳಗಿನ ಗೇರಿನಲ್ಲಿ ಅದೇ ವೇಗಕ್ಕೆ ಇಂಜಿನು ಹೆಚ್ಚು ಸುತ್ತು ತಿರುಗಬೇಕು. ಲೆಕ್ಕಕ್ಕೆಂದು ಎರಡನೆಯ ಗೇರಿನ ಪ್ರಮಾಣ 2, ಮೂರನೆಯದರ ಪ್ರಮಾಣ ಒಂದೂವರೆ ಎಂದಿಟ್ಟುಕೊಳ್ಳಿ. ಮೂರರಲ್ಲಿ 4,500 ಸುತ್ತು ತಿರುಗುತ್ತಿದ್ದ ಇಂಜಿನು ಎರಡಕ್ಕೆ ಇಳಿದೊಡನೆ 6,000 ಸುತ್ತು ತಿರುಗಬೇಕಾಗುವುದು. ಆ 1,500 ಸುತ್ತಿನ ಕೊರತೆಯನ್ನು ಯಾರಾದರೂ ತುಂಬಿಕೊಡಬೇಕು. ಇಂಜಿನು ತುಂಬದಿದ್ದರೆ ಹಿಂದಿನ ಚಕ್ರವು ತುಂಬಬೇಕು. ಚಕ್ರಕ್ಕೆ ಅದು ಬ್ರೇಕು ಹಾಕಿದಂತೆಯೇ ಸರಿ. ಮಳೆ ಬಿದ್ದ ರಸ್ತೆಯಲ್ಲಿ, ತಿರುವಿನಲ್ಲಿ, ಹಿಂದಿನ ಚಕ್ರವು ಹೀಗೆ ಹಠಾತ್ತನೆ ತಡೆಹಿಡಿಯಲ್ಪಟ್ಟರೆ ಗಾಡಿಯು ಪಕ್ಕಕ್ಕೆ ಜಾರುವುದು.

ಆದುದರಿಂದ ಇಳಿಕೆಗೆ ಬೇರೆ ಏರ್ಪಾಡು ಬೇಕಾಯಿತು. ಥ್ರಾಟಲನ್ನು ಸವಾರನ ಕೈಯ ತಂತಿಯು ನೇರವಾಗಿ ಎಳೆಯದೆ, ಗಣಕದ ಅಪ್ಪಣೆಯಂತೆ ಸಣ್ಣ ಮೋಟಾರೊಂದು ತೆರೆಯುವ ಪದ್ಧತಿ ಬಂದ ಬಳಿಕ ಇದು ಸುಲಭವಾಯಿತು. ಸವಾರನು ಥ್ರಾಟಲನ್ನು ಮುಚ್ಚಿ ಪೆಡಲನ್ನು ಒತ್ತಿದರೆ ಗಣಕವು ತಾನೇ ಥ್ರಾಟಲನ್ನು ಒಂದು ಸಲ ಚಿಮ್ಮಿ ತೆರೆದು ಇಂಜಿನಿನ ಸುತ್ತನ್ನು ಬೇಕಾದಷ್ಟಕ್ಕೆ ಏರಿಸುವುದು. ಏರುವ ಆ ಮಧ್ಯದಲ್ಲಿ ಗೂಟಗಳು ಸಡಿಲಗೊಂಡು ಕೆಳಗಿನ ಗೇರಿಗೆ ಸರಿಯುವುವು. ಹೊಸ ಗಾಲಿಯ ವೇಗವೂ ಇಂಜಿನಿನ ವೇಗವೂ ಹೆಚ್ಚುಕಡಿಮೆ ಒಂದಾಗಿರುವುದರಿಂದ ಜಗ್ಗಾಟವಿಲ್ಲ. ನುರಿತ ಸವಾರರು ಕ್ಲಚ್ಚು ಹಿಡಿದು ಮಣಿಕಟ್ಟಿನಿಂದ ಮಾಡುತ್ತಿದ್ದ ಕೆಲಸವನ್ನೇ ಗಣಕವು ಮಾಡುವುದು. ಬೇಸರಿಲ್ಲದೆ ಪ್ರತಿಸಲವೂ ಮಾಡುವುದೊಂದು ಹೆಚ್ಚುಗಾರಿಕೆ.

ಇದು ಮೊದಲು ಪಂದ್ಯಗಳ ವಸ್ತು. 1990ರ ದಶಕದಲ್ಲಿ ಪಂದ್ಯದ ಗಾಡಿಗಳಲ್ಲಿ ಏರಿಕೆಗೆ ಮಾತ್ರ ಇದನ್ನು ಬಳಸುತ್ತಿದ್ದರು. ಏರಿಕೆ ಇಳಿಕೆಗಳೆರಡಕ್ಕೂ ಒದಗುವ ಸಾಧನವು 2015ರ ಡುಕಾಟಿ 1299 ಪನಿಗಾಲೆ, ಬಿಎಂಡಬ್ಲ್ಯು ಎಸ್ 1000 ಆರ್‌ಆರ್ ಮುಂತಾದ ಬಹು ಬೆಲೆಯ ಗಾಡಿಗಳಲ್ಲಿ ಬಂದಿತು. ಪುಣೆಯ ಬಳಿಯ ಚಾಕಣದಲ್ಲಿ ತಯಾರಾಗುವ ಕೆಟಿಎಂ 390 ಡ್ಯೂಕ್ 2020ರಲ್ಲಿ ಇದನ್ನು ಪಡೆಯಿತು. ಬೆಂಗಳೂರಿನ ನೆರೆಯ ಹೊಸೂರಿನಲ್ಲಿ ತಯಾರಾಗುವ ಟಿವಿಎಸ್ ಅಪಾಚೆ ಆರ್‌ಟಿಆರ್ 310 ಗಾಡಿಯೂ 2023ರಲ್ಲಿ ಇದರೊಡನೆ ಹೊರಬಂದಿತು. ಸಂಬಳ ಉಳಿಸಿ ಕೊಳ್ಳುವವರ ಅಂಗಳಕ್ಕೆ ಇದು ಬಂದುದು ಹೀಗೆ.

ಇಷ್ಟನ್ನು ಓದಿ ಹಿರಿಯ ಮಗನು ಗೆದ್ದೆನೆಂದುಕೊಳ್ಳುವುದು ಬೇಡ. ಈ ಉಪಕರಣಕ್ಕೆ ತನ್ನದೇ ಆದ ಮಡಿಯುಂಟು. ಏರಿಸುವಾಗ ಥ್ರಾಟಲು ತೆರೆದಿರಬೇಕು, ಇಳಿಸುವಾಗ ಮುಚ್ಚಿರಬೇಕು. ಮುಚ್ಚಿಕೊಂಡು ಏರಿಸಹೋದರೆ, ಮೇಲೆ ಹೇಳಿದಂತೆ, ನಿಲ್ಲಿಸುವುದಕ್ಕೆ ಎಳೆತವೇ ಇರುವುದಿಲ್ಲವಾಗಿ ಗೂಟಗಳು ಎದುರುಗೋಡೆಗೆ ಅಂಟಿಯೇ ಇರುವುವು. ಗೇರು ಮೊಂಡು ಹಿಡಿಯುವುದು, ಇಲ್ಲವೇ ಜಗ್ಗಿ ಬೀಳುವುದು. ತೀರ ನವೀನವಾದ ಕೆಲವು ಗಾಡಿಗಳ ಗಣಕಗಳು ಇದನ್ನೂ ಸರಿದೂಗಿಸಬಲ್ಲವು. ಎಲ್ಲವೂ ಬಲ್ಲವೆಂದು ನಂಬಬಾರದು. ಇಂಜಿನು ಮೆಲ್ಲಗೆ ತಿರುಗುತ್ತಿರುವಾಗಲೂ ಬದಲಾವಣೆಯು ನಯವಾಗಿರದು. ಇಂತಿಷ್ಟು ಸುತ್ತಿಗಿಂತ ಕಡಮೆಯಿದ್ದರೆ ಉಪಕರಣವು ಕೆಲಸ ಮಾಡಲೇಬಾರದೆಂದು ತಯಾರಕರೇ ಗೊತ್ತುಮಾಡಿರುವುದುಂಟು. ಒಂದರಿಂದ ಎರಡಕ್ಕೆ ಏರುವಾಗ ಜಗ್ಗು ಹೆಚ್ಚು; ಆ ಎರಡು ಗೇರುಗಳ ಅಂತರವು ದೊಡ್ಡದು, ನಡುವೆ ತಟಸ್ಥ ಸ್ಥಾನವೊಂದು ಬೇರೆ. ಕಾಲನ್ನು ಅರೆಮನಸ್ಸಿನಿಂದ ಎತ್ತಿದರೆ ಗೂಟವು ಕಿಂಡಿಯೊಳಗೆ ಪೂರ್ತಿ ಇಳಿಯದೆ ಅಂಚನ್ನು ಕೆರೆಯುವುದು. ಪೆಡಲಿನ ಮೇಲೆ ಕಾಲನ್ನು ಸುಮ್ಮನೆ ಊರಿಕೊಂಡು ಹೋಗುವ ಅಭ್ಯಾಸವಂತೂ ಕೂಡದು.

ನಿಂತ ಗಾಡಿಯನ್ನು ಹೊರಡಿಸುವುದಕ್ಕೆ ಇದು ಏನೇನೂ ಒದಗದು. ಇಂಜಿನು ನಿಮಿಷಕ್ಕೆ ಸಾವಿರಕ್ಕಿಂತ ತೀರ ಕಡಮೆ ಸುತ್ತಿನಲ್ಲಿ ಬದುಕಲಾರದು, ಚಕ್ರವಾದರೋ ನಿಂತಿದೆ. ತಿರುಗುವುದನ್ನೂ ನಿಂತುದನ್ನೂ ಜಾರುತ್ತ ಜಾರುತ್ತ ಕೂಡಿಸುವ ಬಿಲ್ಲೆಗಳು ಕ್ಲಚ್ಚಿನಲ್ಲಿವೆ. ನಾಲ್ಕು ಹೆಜ್ಜೆಗೊಮ್ಮೆ ನಿಂತು ಹೊರಡುವ ಪಟ್ಟಣದ ಸವಾರಿಯಲ್ಲಿ ಎಡಗೈಗೆ ಬಿಡುವು ಸಿಗುವುದೆಂದು ನಂಬಿ ಯಾರೂ ಇದಕ್ಕೆ ಹಣ ತೆರಬಾರದು. ಆ ಬಿಡುವು ಬೇಕಾದವರಿಗೆ ಬೇರೆ ಗಾಡಿಗಳುಂಟು. 2023ರಲ್ಲಿ ಹೋಂಡಾದವರು ತೋರಿಸಿದ ಏರ್ಪಾಡಿನಲ್ಲಿ ಕ್ಲಚ್ಚನ್ನು ವಿದ್ಯುತ್ ಮೋಟಾರುಗಳು ಹಿಡಿದು ಬಿಡುವುವು. ಸವಾರನು ಹೊರಡುವಾಗಲೂ ನಿಲ್ಲುವಾಗಲೂ ಹಿಡಿಯನ್ನು ಮುಟ್ಟಬೇಕಾಗಿಲ್ಲ. ಅದರ ಹೆಸರಿಗೂ ಇದರ ಹೆಸರಿಗೂ ಅಂಗಡಿಯಲ್ಲಿ ಗೊಂದಲವಾಗುವುದುಂಟು. ಒಳಗಿನ ಕೆಲಸವೇ ಬೇರೆ.

ಈಗ ಕಿರಿಯ ಮಗನ ವಿಷಯ. ಅಣ್ಣನ ಗಾಡಿಯಲ್ಲಿ ಹೊರಗೆ ತಳ್ಳುತ್ತಿರುವವನನ್ನು ಸರಿಸುವವನೊಬ್ಬನಿದ್ದಾನೆ. ತಮ್ಮನ ಹಳೆಯ ಗಾಡಿಯಲ್ಲಿ ಆ ಮೂರನೆಯವನಿಲ್ಲ. ಥ್ರಾಟಲನ್ನು ಕ್ಷಣಕಾಲ ಮುಚ್ಚಿ, ಅದೇ ಕ್ಷಣದಲ್ಲಿ ಪೆಡಲನ್ನೆತ್ತಿ, ಅಂಥ ಗಾಡಿಯಲ್ಲೂ ಕ್ಲಚ್ಚಿಲ್ಲದೆ ಏರಿಸುವುದು ಸಾಧ್ಯವೇ, ಪಂದ್ಯದವರು ಬಲ್ಲರು. ಆದರೆ ಇವನು ನೋಡಿ ಕಲಿತಿರುವುದು ಅಣ್ಣನನ್ನು. ಅಣ್ಣನು ಥ್ರಾಟಲನ್ನು ಮುಚ್ಚುವುದಿಲ್ಲ. ಅದನ್ನು ಹಾಗೆಯೇ ಅನುಕರಿಸಿದರೆ, ತೆರೆದ ಥ್ರಾಟಲಿನಲ್ಲಿ ಗೂಟಕ್ಕೂ ಕವೆಗೋಲಿಗೂ ಕುಸ್ತಿ ಹತ್ತುವುದು. ಇಳಿಸುವಾಗಲಂತೂ 1,500 ಸುತ್ತಿನ ಆ ಕೊರತೆಯನ್ನು ತುಂಬಿಕೊಡುವ ಗಣಕವಿಲ್ಲದೆ ಹಿಂದಿನ ಚಕ್ರವೇ ತುಂಬುವುದು. ನಮ್ಮ ಅಂಜಿಕೆ ಗೂಟಕ್ಕಾಗಿ ಅಲ್ಲ, ಆ ಹುಡುಗನಿಗಾಗಿ.

ಗೂಟದ ಗತಿ ಏನಾಗುವುದೆಂಬುದನ್ನು ನಾವು ಸ್ವಾನುಭವದಿಂದ ಬಲ್ಲೆವು. ಹರೆಯದಲ್ಲಿ, ಹಿಂದೆ ಕೂತ ಗೆಳೆಯನಿಗೆ ಜಾಣತನ ತೋರಿಸುವ ಹಂಬಲದಿಂದ, ಒಂದು ಬೇಸಗೆಯುದ್ದಕ್ಕೂ ಕ್ಲಚ್ಚು ಹಿಡಿಯದೆ ಗೇರು ಬದಲಿಸಿದೆವು. ಏನೂ ಮುರಿಯಲಿಲ್ಲ, ಗರ್ವ ಬಲಿಯಿತು. ಮಳೆಗಾಲದಲ್ಲಿ ಘಟ್ಟ ಹತ್ತುವಾಗ, ಏರಿನ ನಡುವೆ, ಮೂರನೆಯ ಗೇರು ತಾನಾಗಿಯೇ ಹಾರಿತು. ಇಂಜಿನು ಅರಚಿತು, ಗಾಡಿ ನಿಲ್ಲುತ್ತ ಬಂತು, ಹಿಂದೆ ಲಾರಿಯೊಂದಿತ್ತು. ಲಾರಿಯವನ ಪುಣ್ಯದಿಂದ ಇಂದು ಇದನ್ನು ಬರೆಯುತ್ತಿರುವೆವು. ಮೇಸ್ತ್ರಿಯು ಪೆಟ್ಟಿಗೆಯನ್ನು ಬಿಚ್ಚಿ ಗಾಲಿಯನ್ನು ಅಂಗೈಯಲ್ಲಿಟ್ಟು ತೋರಿಸಿದನು. ಚೌಕವಾಗಿರಬೇಕಾದ ಗೂಟದ ಅಂಚುಗಳು ನದಿಯ ಕಲ್ಲಿನಂತೆ ದುಂಡಗಾಗಿದ್ದುವು. ದುಂಡಗಾದ ಗೂಟವು ಎಳೆತ ಬಿದ್ದಾಗ ಕಿಂಡಿಯೊಳಗೆ ನಿಲ್ಲದೆ ಹೊರಕ್ಕೆ ಜಾರುವುದು. ಅದೊಂದು ಗಾಲಿಗಾಗಿ ಇಂಜಿನಿನ ಒಡಲನ್ನೇ ಬಗೆಯಬೇಕಾಯಿತು. ಆಗಿನ ನಮ್ಮ ಒಂದು ತಿಂಗಳ ಸಂಬಳವು ಅದಕ್ಕೆ ಸಾಲದೆ ಹೋಯಿತು. ತಪ್ಪು ಗಾಡಿಯದಲ್ಲ, ನಮ್ಮ ಎಡಗಾಲಿನದು.

ಯಾವ ಗಾಡಿಯಲ್ಲಿ ಈ ಉಪಕರಣವಿದೆ, ಯಾವುದರಲ್ಲಿಲ್ಲ ಎಂಬುದನ್ನು ತಾಯಿಯವರು ತಾವೇ ಪರೀಕ್ಷಿಸಬಹುದು. ಹಿರಿಯನ ಗಾಡಿಯ ಗೇರು ಪೆಡಲಿನಿಂದ ಮೇಲಕ್ಕೆ ಹೋಗುವ ಸಲಾಕೆಯ ಬಳಿ ಬಗ್ಗಿ ನೋಡಿದರೆ, ಸಾಮಾನ್ಯವಾಗಿ ಹೆಬ್ಬೆರಳಿನಷ್ಟು ದಪ್ಪದ ಒಂದು ತುಂಡೂ ಅದರಿಂದ ಹೊರಟ ಸಣ್ಣ ವಿದ್ಯುತ್ ತಂತಿಯೂ ಕಾಣಿಸುವುವು. ಕಿರಿಯನ ಗಾಡಿಯಲ್ಲಿ ಬರಿಯ ಕಬ್ಬಿಣದ ಕಡ್ಡಿ ಇದ್ದೀತು, ಇಲ್ಲವೇ ಪೆಡಲೇ ನೇರವಾಗಿ ಪೆಟ್ಟಿಗೆಗೆ ಸೇರಿದ್ದೀತು. ತಮ್ಮನನ್ನು ಕರೆದು ಎರಡನ್ನೂ ತೋರಿಸುವ ಕೆಲಸವನ್ನು ಅಣ್ಣನಿಗೇ ಒಪ್ಪಿಸುವುದು ಮೇಲು. ತಂದೆ ಹೇಳಿದರೆ ಕೇಳುವ ವಯಸ್ಸಲ್ಲ ಅದು.

ತಂದೆಯವರಿಗೂ ಒಂದು ಮಾತಿದೆ. ಚೆಕ್ ದೇಶದ ಜಾವಾ ಕಾರ್ಖಾನೆಯವರು 1946ರಲ್ಲಿ ಹೊರತಂದ 250 ಸಿಸಿಯ ಗಾಡಿಯಲ್ಲಿ ಒಂದು ಚಮತ್ಕಾರವನ್ನು ಇರಿಸಿದ್ದರು. ಗೇರಿನ ಪೆಡಲನ್ನು ಒತ್ತಿದರೆ ಅದೇ ಒತ್ತಿನಿಂದ ಒಳಗೆ ಕ್ಲಚ್ಚೂ ಬಿಡುತ್ತಿತ್ತು, ಕೈ ಹಾಕಬೇಕಾಗಿರಲಿಲ್ಲ. ಜಪಾನಿನಲ್ಲಿ ಹೋಂಡಾದವರ ಸೂಪರ್ ಕಬ್ ಗಾಡಿಯೂ 1958ರಲ್ಲಿ ಇದೇ ಜಾಡನ್ನು ಹಿಡಿದು, ಕ್ಲಚ್ಚಿನ ಹಿಡಿಯನ್ನೇ ತೆಗೆದುಹಾಕಿತು. ಜಾವಾದ ಆ ಗಾಡಿಯ ವಂಶದವೇ 1960ರ ದಶಕದ ಮೊದಲಿನಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಜಾವಾ, ಅನಂತರದ ಯೆಜ್ಡಿ. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ಗಾಡಿಗಳು ಇನ್ನೂ ಬೀದಿಯಲ್ಲಿವೆ. ಅವುಗಳ ಹೊಟ್ಟೆಯಲ್ಲಿ ಈ ಏರ್ಪಾಡಿದ್ದುದನ್ನು ಅನೇಕ ಒಡೆಯರು ಗಮನಿಸಲೇ ಇಲ್ಲ. ಅದನ್ನು ಸೂಕ್ಷ್ಮವಾಗಿ ಹೊಂದಿಸಿಡಬೇಕಾಗಿತ್ತು. ಹೊಂದಿಕೆ ತಪ್ಪಿದ ಮೇಲೆ ಎಲ್ಲರೂ ಕೈಯಿಂದಲೇ ಕ್ಲಚ್ಚು ಹಿಡಿದರು.

ತಂದೆಯವರ ಯೆಜ್ಡಿ ಇನ್ನೂ ಮನೆಯಲ್ಲಿದ್ದರೆ ಒಂದು ಭಾನುವಾರ ಅದನ್ನು ಅಂಗಳಕ್ಕೆ ತೆಗೆಯಲಿ. ಇಂಜಿನನ್ನು ಹೊತ್ತಿಸುವುದು ಬೇಡ. ಅವರು ಗೇರಿನ ಪೆಡಲನ್ನು ಮೆಲ್ಲನೆ ಒತ್ತಿ ಹಿಡಿಯಲಿ. ಹಿರಿಯ ಮಗನು ಹ್ಯಾಂಡಲಿನ ಎಡಗಡೆ ಬೆರಳಿಟ್ಟು, ಕ್ಲಚ್ಚಿನ ಹಿಡಿಯು ಸಡಿಲವಾಯಿತೇ ಎಂದು ನೋಡಿ ಹೇಳಲಿ. ಸಡಿಲವಾದರೆ ಹೊಂದಿಕೆ ಉಳಿದಿದೆ, ಆಗದಿದ್ದರೆ ಹೊಂದಿಸಬೇಕು. ಹೊಂದಿಸುವುದಕ್ಕೆ ಒಬ್ಬರು ಪೆಡಲಿನ ಬಳಿ, ಇನ್ನೊಬ್ಬರು ಹಿಡಿಯ ಬಳಿ, ಇಬ್ಬರು ಬೇಕಾಗುವರು.